ಸೀಸೆಯೂ ಸೀಸವೂ: ನಿಕೊಲಾ ಅಪೇರನ ಬಾಳು

ಕಳೆದ ಬೇಸಗೆಯ ಒಂದು ಭಾನುವಾರ ಜಯನಗರದ ನಮ್ಮ ಮನೆಗೆ ಹೇಳದೆ ಕೇಳದೆ ನೆಂಟರು ಬಂದರು. ಅಂಗಡಿಗೆ ಹೋಗಿ ಹಣ್ಣು ತಂದು ಹೆಚ್ಚುವಷ್ಟು ವ್ಯವಧಾನವಿರಲಿಲ್ಲ. ಅಲಮಾರಿನಲ್ಲಿದ್ದ ಅನಾನಸಿನ ಡಬ್ಬಿಯೊಂದನ್ನು ಕತ್ತರಿಸಿ, ಸಕ್ಕರೆಯ ಪಾಕದಲ್ಲಿ ಮುಳುಗಿದ್ದ ಬಿಲ್ಲೆಗಳನ್ನು ಬಟ್ಟಲುಗಳಿಗೆ ಹಾಕಿ ಕೊಟ್ಟು ಮನೆಯ ಮರ್ಯಾದೆಯನ್ನು ಉಳಿಸಿಕೊಂಡೆನು. ಅವರು ಹೋದ ಮೇಲೆ, ಉಳಿದ ಹಣ್ಣನ್ನು ಡಬ್ಬಿಯಲ್ಲಿಯೇ ಬಿಟ್ಟು, ಬಾಯಿಗೊಂದು ತಟ್ಟೆ ಮುಚ್ಚಿ ಫ್ರಿಜ್ಜಿನೊಳಗೆ ಇಟ್ಟೆನು. ಮರುದಿನ ಬೆಳಗ್ಗೆ ಅದನ್ನು ಕಂಡ ನನ್ನ ತಾಯಿಯವರು, ಹುಳಿಯ ಪದಾರ್ಥವನ್ನು ತಗಡಿನಲ್ಲಿ ರಾತ್ರಿಯೆಲ್ಲ ಬಿಡಬಹುದೇ ಎಂದು ಕೇಳಿದರು. ನಾನು ನಕ್ಕೆನು. ತಿಂಗಳುಗಟ್ಟಲೆ ಅದೇ ಡಬ್ಬಿಯಲ್ಲಿ ಕೆಡದೆ ಇದ್ದ ಹಣ್ಣಿಗೆ ಇನ್ನೊಂದು ರಾತ್ರಿ ಕಳೆದರೆ ಏನಾದೀತು ಎಂಬುದು ಓದಿದವರ ತರ್ಕವಾಗಿತ್ತು.

ತಾಯಿಯವರ ಪ್ರಶ್ನೆಯ ಹಿಂದೆ ಇದ್ದುದು ಬೇರೊಂದು ವಿದ್ಯೆ. ಅವರು ಹಿತ್ತಾಳೆ ತಾಮ್ರಗಳ ಅಡುಗೆಮನೆಯಲ್ಲಿ ಬೆಳೆದವರು. ಹುಣಸೆಹುಳಿಯ ಅಡುಗೆಯನ್ನು ಕಲ್ಲುಮರಿಗೆಯಲ್ಲೋ ಮಣ್ಣಿನ ಗಡಿಗೆಯಲ್ಲೋ ಕಲಾಯಿ ಹಾಕಿದ ಪಾತ್ರೆಯಲ್ಲೋ ಮಾಡಬೇಕು. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ನಿಂತರೆ ಕಿಲುಬು ಬಿಡುತ್ತದೆ. ಉಪ್ಪಿನಕಾಯಿಗೆ ಪಿಂಗಾಣಿಯ ಜಾಡಿಯಲ್ಲದೆ ಲೋಹ ಸಲ್ಲದು. ಕಲಾಯಿಯವರು ಬೀದಿಗೆ ಬಂದು ತಿದಿಯೊತ್ತಿ, ನವಸಾಗರ ಉದುರಿಸಿ, ಪಾತ್ರೆಯ ಒಳಮೈಗೆ ತವರ ಬಳಿಯುವಾಗ, ಅದು ಶುದ್ಧ ತವರವೋ ಸೀಸ ಬೆರೆಸಿದ್ದೋ ಎಂದು ಹಿರಿಯರು ಎದುರಿಗೆ ಕುಳಿತು ಪರೀಕ್ಷಿಸುತ್ತಿದ್ದರಂತೆ. ಅಂಥ ಮನೆಯ ಮಗಳು ಕೇಳಿದ ಪ್ರಶ್ನೆಗೆ ನಕ್ಕುದು ತಪ್ಪೆಂದು ತಿಳಿಯಲು ನನಗೆ ಎರಡು ದಿನದ ಓದು ಬೇಕಾಯಿತು. ಮುಚ್ಚಿದ ಡಬ್ಬಿಯೊಳಗೆ ಪ್ರಾಣವಾಯು ಬಲು ಕಡಿಮೆ. ಆದುದರಿಂದ ಹುಳಿಯು ತವರವನ್ನು ಕರಗಿಸುವ ಕೆಲಸ ನಿಧಾನವಾಗಿ ನಡೆಯುತ್ತದೆ. ಡಬ್ಬಿ ತೆರೆದೊಡನೆ ಗಾಳಿ ಒಳಹೋಗುತ್ತದೆ, ಹುಳಿಗೆ ಬಲ ಬರುತ್ತದೆ, ಒಳಮೈಗೆ ಅರಗಿನ ಲೇಪವಿಲ್ಲದ ಡಬ್ಬಿಯಾದರೆ ತವರವು ಹಣ್ಣಿನ ರಸಕ್ಕೆ ಬೇಗ ಬೇಗ ಇಳಿಯುತ್ತದೆ. ತಿಂಗಳುಗಟ್ಟಲೆ ಆಗದುದು ತೆರೆದ ಮೇಲಿನ ಒಂದೆರಡು ದಿನಗಳಲ್ಲಿ ಆಗಬಲ್ಲುದು.

ಈ ಓದಿನ ದಾರಿಯಲ್ಲಿ ಒಬ್ಬ ಮನುಷ್ಯನ ಪರಿಚಯವಾಯಿತು. ಲೋಕದ ಅಡುಗೆಮನೆಗಳಿಗೆಲ್ಲ ಡಬ್ಬಿಯ ಆಹಾರವನ್ನು ತಂದುಕೊಟ್ಟವನೆಂದು ಪುಸ್ತಕಗಳು ಹೊಗಳುವ ನಿಕೊಲಾ ಅಪೇರನೆಂಬ ಫ್ರೆಂಚ್ ಬಾಣಸಿಗನೇ ಆತ. ಆತನ ಬಾಳನ್ನು ವಾಚಕರ ಮುಂದಿಡಬೇಕೆನಿಸಿತು. ಅದು ಒಂದು ಉಪಕಾರದ ಕಥೆ; ಉಪಕಾರವು ಕೈಯಿಂದ ಕೈಗೆ ದಾಟುವಾಗ ಅದರೊಡನೆ ಏನೇನು ಸೇರಿಕೊಳ್ಳಬಹುದೆಂಬುದರ ಕಥೆಯೂ ಹೌದು.

ಅಪೇರನು 1749ರ ನವೆಂಬರ್ 17ರಂದು ಫ್ರಾನ್ಸಿನ ಶಾಂಪೇನ್ ಸೀಮೆಯ ಶಾಲೋನ್ ಎಂಬ ಊರಿನಲ್ಲಿ ಹುಟ್ಟಿದನು. ತಂದೆ ಹೋಟೆಲು ನಡೆಸುತ್ತಿದ್ದವನು, ಮನೆತುಂಬ ಮಕ್ಕಳು. ಶಾಲೆಯ ವಿದ್ಯೆ ಆತನಿಗೆ ಹೆಚ್ಚು ದೊರೆತಂತಿಲ್ಲ. ಬಾಲ್ಯವೆಲ್ಲ ಉಗ್ರಾಣದಲ್ಲಿ, ನೆಲಮಾಳಿಗೆಯಲ್ಲಿ, ದೊಡ್ಡ ಒಲೆಗಳ ಮಗ್ಗುಲಲ್ಲಿ ಕಳೆಯಿತು. ಮಾಂಸಕ್ಕೆ ಉಪ್ಪು ತುಂಬುವುದು, ಕಾಯಿಗಳನ್ನು ಹುಳಿನೀರಿನಲ್ಲಿ ನೆನೆಯಿಡುವುದು, ದ್ರಾಕ್ಷಾರಸವನ್ನು ಸೀಸೆಗೆ ತುಂಬಿ ಬಿರಡೆ ಬಿಗಿಯುವುದು, ಬಾರ್ಲಿಯ ಮದ್ಯ ಕಾಯಿಸುವುದು ಇವೇ ಆತನ ಪಾಠಗಳು. ಆ ಊರು ಉಕ್ಕುವ ದ್ರಾಕ್ಷಾರಸಕ್ಕೆ ಹೆಸರಾದುದು. ಒಳಗಿನ ಒತ್ತಡವನ್ನು ತಡೆಯಬಲ್ಲ ದಪ್ಪ ಗಾಜಿನ ಸೀಸೆ ಅಲ್ಲಿ ಹುಡುಗರ ಕಣ್ಣಿಗೂ ಪರಿಚಿತವಾದ ವಸ್ತು. ಮುಂದೆ ಆತನ ಬಾಳನ್ನು ರೂಪಿಸಿದ ಸೀಸೆ ಹೀಗೆ ತೊಟ್ಟಿಲ ಹತ್ತಿರದಲ್ಲಿಯೇ ಇದ್ದಿತು.

ಪ್ರಾಯಕ್ಕೆ ಬಂದ ಮೇಲೆ ಆತನು ಜರ್ಮನ್ ನಾಡಿನ ಒಬ್ಬ ಸಣ್ಣ ದೊರೆಯಾದ ನಾಲ್ಕನೆಯ ಕ್ರಿಶ್ಚಿಯನನ ಅರಮನೆಯಲ್ಲಿ ಅಡುಗೆಯ ಕೆಲಸಕ್ಕೆ ಸೇರಿದನು. ದೊರೆ ತೀರಿಕೊಂಡ ಮೇಲೆ ಆತನ ವಿಧವೆಯ ಮನೆಯಲ್ಲಿಯೂ ಅದೇ ಕೆಲಸವನ್ನು ಮುಂದುವರಿಸಿದನು. 1784ರಲ್ಲಿ ಪ್ಯಾರಿಸಿಗೆ ಬಂದು, ಲೊಂಬಾರರ ಬೀದಿಯಲ್ಲಿ ಮಿಠಾಯಿಯ ಅಂಗಡಿ ತೆರೆದನು. ಮರುವರ್ಷ ಮದುವೆಯಾಯಿತು. ವ್ಯಾಪಾರ ಕೈಹಿಡಿಯಿತು. ಆ ಕಾಲದಲ್ಲಿ ಹಣ್ಣನ್ನು ಕೆಡದಂತೆ ಇಡುವುದು ಮಿಠಾಯಿಗಾರರ ಕಸುಬು. ಅವರ ಬಳಿ ಇದ್ದುದು ನಮ್ಮ ಅಜ್ಜಿಯರು ಬಲ್ಲ ಉಪಾಯಗಳೇ: ಒಣಗಿಸುವುದು, ಉಪ್ಪಿಡುವುದು, ಹುಳಿಯಲ್ಲಿ ಇಡುವುದು, ಸಕ್ಕರೆಪಾಕದಲ್ಲಿ ಮುಳುಗಿಸುವುದು. ಇವೆಲ್ಲ ಪದಾರ್ಥವನ್ನು ಉಳಿಸುತ್ತಿದ್ದುವು, ಆದರೆ ಅದರ ಸ್ವಂತ ರುಚಿಯನ್ನು ಉಳಿಸುತ್ತಿರಲಿಲ್ಲ. ಒಣಗಿಸಿದ್ದು ಪರಿಮಳ ಕಳೆದುಕೊಳ್ಳುತ್ತಿತ್ತು, ಉಪ್ಪಿಟ್ಟದ್ದು ಉಪ್ಪಾಗುತ್ತಿತ್ತು, ಸಕ್ಕರೆಯಲ್ಲಿಟ್ಟದ್ದು ಸಕ್ಕರೆಯೇ ಆಗುತ್ತಿತ್ತು. ವಸಂತದ ಎಳೆಯ ಬಟಾಣಿಯನ್ನು ಚಳಿಗಾಲದಲ್ಲಿ ಬಟಾಣಿಯಾಗಿಯೇ ತಿನ್ನುವ ಬಗೆ ಯಾವುದು? ಈ ಒಂದು ಪ್ರಶ್ನೆ ಆತನನ್ನು ಹಿಡಿಯಿತು.

ಅಷ್ಟರಲ್ಲಿ 1789ರ ಕ್ರಾಂತಿ ಬಂದಿತು. ಮಿಠಾಯಿಗಾರನಾದ ಅಪೇರನು ಅಂಗಡಿಯಲ್ಲಿ ಕುಳಿತು ನೋಡುವವನಾಗಿರಲಿಲ್ಲ. ತನ್ನ ಮೊಹಲ್ಲದ ಕ್ರಾಂತಿಕಾರಿ ಸಭೆಯಲ್ಲಿ ಉತ್ಸಾಹದಿಂದ ದುಡಿದು, ಅದರ ಅಧ್ಯಕ್ಷಸ್ಥಾನಕ್ಕೂ ಏರಿದನು. ಆದರೆ ಕ್ರಾಂತಿಯು ತನ್ನವರನ್ನೇ ಶಂಕಿಸತೊಡಗಿದ ದಿನಗಳು ಬಂದುವು. 1794ರ ಏಪ್ರಿಲಿನಲ್ಲಿ ಆತನನ್ನು ಹಿಡಿದು ಸೆರೆಗೆ ಹಾಕಿದರು. ದಿನಬೆಳಗಾದರೆ ಯಾರಾದರೊಬ್ಬರ ತಲೆ ಉರುಳುತ್ತಿದ್ದ ಆ ತಿಂಗಳುಗಳಲ್ಲಿ ಆತನು ಬದುಕಿ ಉಳಿದುದು ಭಾಗ್ಯವೇ. ಜುಲೈ ತಿಂಗಳಲ್ಲಿ ರೊಬೆಸ್ಪಿಯೇರನ ಪತನವಾಯಿತು. ಸೆರೆಮನೆಯ ಬಾಗಿಲು ತೆರೆಯಿತು. ಹೊರಗೆ ಬಂದವನು ರಾಜಕೀಯದ ಅಬ್ಬರದಿಂದ ದೂರ ಸರಿದು, ಪ್ಯಾರಿಸಿನ ಹೊರವಲಯದ ಇವ್ರಿ ಎಂಬ ಹಳ್ಳಿಗೆ ಹೋಗಿ, ಸೀಸೆ, ಬಿರಡೆ, ಕುದಿಯುವ ನೀರು ಇವುಗಳ ನಡುವೆ ಕುಳಿತನು. ಆಗ ಆತನಿಗೆ 45 ದಾಟಿತ್ತು. ಸರಿಸುಮಾರು ಅದೇ ವಯಸ್ಸಿನಲ್ಲಿರುವ ನನಗೆ, ಬಾಳಿನ ಮುಖ್ಯ ಕೆಲಸವನ್ನು ಆ ವಯಸ್ಸಿನಲ್ಲಿ ಆರಂಭಿಸಿದವನ ಧೈರ್ಯ ಬೆರಗನ್ನುಂಟುಮಾಡುತ್ತದೆ.

ಆತನ ವಿಧಾನ ಹೇಳಲು ಬಲು ಸುಲಭ. ತರಕಾರಿಯನ್ನೋ ಹಣ್ಣನ್ನೋ ಮಾಂಸವನ್ನೋ ಸೀಸೆಗೆ ತುಂಬುವುದು. ಉತ್ತಮವಾದ ಬಿರಡೆಯನ್ನು ಜಡಿದು ತಂತಿಯಿಂದ ಬಿಗಿಯುವುದು. ಸೀಸೆ ಒಡೆದರೆ ಅಪಾಯವಾಗದಂತೆ ಅದಕ್ಕೊಂದು ಬಟ್ಟೆಯ ಚೀಲ ತೊಡಿಸುವುದು. ನೀರು ತುಂಬಿದ ಹಂಡೆಯಲ್ಲಿ ಸಾಲಾಗಿ ನಿಲ್ಲಿಸಿ, ಒಂದೊಂದು ಪದಾರ್ಥಕ್ಕೆ ತಕ್ಕಷ್ಟು ಹೊತ್ತು ಕುದಿಸುವುದು. ಇಷ್ಟೇ. ಈ ಇಷ್ಟನ್ನು ಕಂಡುಕೊಳ್ಳಲು ಆತನಿಗೆ ಸುಮಾರು ಹದಿನೈದು ವರ್ಷಗಳು ಹಿಡಿದುವು. ಯಾವ ಬಿರಡೆ ಗಾಳಿಯನ್ನು ಬಿಡುತ್ತದೆ, ಯಾವ ಗಾಜು ಸೀಳುತ್ತದೆ, ಬಟಾಣಿಗೆ ಎಷ್ಟು ಹೊತ್ತು, ಸಾರಿಗೆ ಎಷ್ಟು ಹೊತ್ತು ಎಂಬುದನ್ನೆಲ್ಲ ಕೆಟ್ಟುಹೋದ ಸೀಸೆಗಳೇ ಕಲಿಸಬೇಕಾಗಿತ್ತು. ಶತಮಾನದ ಆರಂಭದಲ್ಲಿ ಆತನು ಪ್ಯಾರಿಸಿನ ದಕ್ಷಿಣಕ್ಕಿರುವ ಮಾಸಿ ಎಂಬ ಊರಿನಲ್ಲಿ ಕಾರ್ಖಾನೆಯನ್ನು ಹೂಡಿ, ಅದರ ಸುತ್ತಲೇ ತೋಟ ಮಾಡಿ, ಗಿಡದಿಂದ ಕಿತ್ತ ಬಟಾಣಿ ಹುರುಳಿಕಾಯಿಗಳು ಬಾಡುವ ಮೊದಲೇ ಸೀಸೆ ಸೇರುವಂತೆ ಏರ್ಪಡಿಸಿದನು. 1803ರ ಸುಮಾರಿಗೆ ಬ್ರೆಸ್ಟ್ ಬಂದರಿನಲ್ಲಿ ಫ್ರಾನ್ಸಿನ ನೌಕಾಪಡೆಯವರು ಆತನ ಸೀಸೆಗಳನ್ನು ತಿಂಗಳುಗಟ್ಟಲೆ ಇಟ್ಟು ತೆರೆದು ರುಚಿ ನೋಡಿದರು. ಪ್ಯಾರಿಸಿನ ಊಟದ ರಸಿಕರಲ್ಲಿ ಅಗ್ರಗಣ್ಯನಾಗಿದ್ದ ಗ್ರಿಮೊ ದ ಲಾ ರೆನಿಯೇರನು ಆತನ ಬಟಾಣಿಯನ್ನು ಬರಹದಲ್ಲಿ ಕೊಂಡಾಡಿದನು.

ಆಹಾರ ಕೆಡುವುದು ಏಕೆ ಎಂಬುದು ಅಪೇರನಿಗೆ ತಿಳಿದಿರಲಿಲ್ಲ. ಗಾಳಿಯೇ ಶತ್ರುವೆಂದೂ ಗಾಳಿಯನ್ನು ಹೊರಗಿಟ್ಟು ಬಿಸಿ ತಗಲಿಸಿದರೆ ಸಾಕೆಂದೂ ಆತನ ನಂಬಿಕೆ. ಗೇ-ಲುಸ್ಸಾಕನಂಥ ಹೆಸರಾಂತ ರಸಾಯನಶಾಸ್ತ್ರಜ್ಞನೇ ಆ ಸೀಸೆಗಳನ್ನು ಪರೀಕ್ಷಿಸಿ, ಒಳಗೆ ಪ್ರಾಣವಾಯು ಇಲ್ಲದಿರುವುದೇ ಗುಟ್ಟು ಎಂದು ತೀರ್ಮಾನಿಸಿದನು. ಕಣ್ಣಿಗೆ ಕಾಣದ ಜೀವಾಣುಗಳು ಬಿಸಿಯಿಂದ ಸಾಯುವುದೇ ನಿಜವಾದ ಕಾರಣವೆಂದು ಲೂಯಿ ಪಾಶ್ಚರನು ತೋರಿಸಿಕೊಟ್ಟದ್ದು ಅರ್ಧಶತಮಾನದ ಮೇಲೆ. ಅಪೇರನು ಗಾಜನ್ನು ಆರಿಸಿಕೊಂಡುದಕ್ಕೂ ಇದೇ ಕಾರಣ: ಗಾಳಿಯನ್ನು ತಡೆಯುವುದರಲ್ಲಿ ಅದಕ್ಕೆ ಸಮನಾದುದಿಲ್ಲವೆಂದು ಆತನು ತಿಳಿದಿದ್ದನು. ಲೋಹದ ವಿಷಕ್ಕೆ ಹೆದರಿ ಆತನು ಗಾಜನ್ನು ಹಿಡಿದನೆಂದು ಹೇಳಿದರೆ ಅದು ಇಲ್ಲದ ಪುಣ್ಯವನ್ನು ಆತನ ಲೆಕ್ಕಕ್ಕೆ ಬರೆದಂತಾದೀತು. ಆದರೂ ಕಾರಣ ಏನೇ ಇರಲಿ, ಆತನ ಮೊದಲ ಸೀಸೆಗಳಲ್ಲಿದ್ದ ಬಟಾಣಿಯು ಬಟಾಣಿಯಾಗಿಯೇ ಉಳಿಯಿತು. ಪಾತ್ರೆಯು ಅದಕ್ಕೆ ತನ್ನದೇನನ್ನೂ ಸೇರಿಸಲಿಲ್ಲ.

ನೆಪೋಲಿಯನ್ ಚಕ್ರವರ್ತಿಯು ಸೈನ್ಯಕ್ಕಾಗಿ ಬಹುಮಾನ ಸಾರಿದನೆಂದೂ ಅಪೇರನು ಪಂಥದಲ್ಲಿ ಗೆದ್ದನೆಂದೂ ಕಥೆಯೊಂದು ಪ್ರಚಾರದಲ್ಲಿದೆ. ನಡೆದುದು ಅಷ್ಟು ನಾಟಕೀಯವಲ್ಲ. ನನ್ನ ಮನಸ್ಸಿಗೆ ಅದಕ್ಕಿಂತಲೂ ದೊಡ್ಡದು. ಪ್ರಯೋಗಗಳು ಸಫಲವಾದ ಮೇಲೆ ಸರ್ಕಾರವು ಆತನ ಮುಂದೆ ಎರಡು ದಾರಿಗಳನ್ನಿಟ್ಟಿತು. ವಿಧಾನದ ಮೇಲೆ ಏಕಸ್ವಾಮ್ಯದ ಹಕ್ಕು ಪಡೆದು ತಾನೊಬ್ಬನೇ ಲಾಭ ಹೊಂದಬಹುದು. ಇಲ್ಲವೆ ಬಹುಮಾನ ಸ್ವೀಕರಿಸಿ, ತನ್ನ ಖರ್ಚಿನಿಂದಲೇ ಪುಸ್ತಕ ಅಚ್ಚುಮಾಡಿಸಿ, ಗುಟ್ಟನ್ನೆಲ್ಲ ಲೋಕಕ್ಕೆ ಬಿಟ್ಟುಕೊಡಬಹುದು. ಅಪೇರನು ಎರಡನೆಯದನ್ನು ಆರಿಸಿಕೊಂಡನು. 1810ರ ಜನವರಿಯಲ್ಲಿ 12,000 ಫ್ರಾಂಕುಗಳ ಬಹುಮಾನ ಮಂಜೂರಾಯಿತು. ಅದೇ ವರ್ಷ ಆತನ ಪುಸ್ತಕ ಹೊರಬಂದಿತು. 200 ಪ್ರತಿಗಳು ಕರಾರಿನಂತೆ ಸರ್ಕಾರಕ್ಕೆ ಸಂದುವು. ಗೃಹಿಣಿಯರಿಗೂ ತಿಳಿಯುವಂತೆ ಸರಳವಾಗಿ, ಒಂದೊಂದು ಕಾಯಿಗೆ ಒಂದೊಂದು ಕ್ರಮ ಹೇಳಿ ಬರೆದ ಪುಸ್ತಕವದು. ಗುರುವಾದವನು ವಿದ್ಯೆಯನ್ನು ಮುಚ್ಚಿಡಬಾರದೆಂದು ನಾವು ತರಗತಿಗಳಲ್ಲಿ ಹೇಳುತ್ತೇವೆ. ಲಾಭವನ್ನು ಕಣ್ಣೆದುರಿಗೆ ಇಟ್ಟುಕೊಂಡು ಅದನ್ನು ಮಾಡಿ ತೋರಿಸಿದವನು ಈ ಮಿಠಾಯಿಗಾರ.

ಲೋಕಕ್ಕೆ ಬಿಟ್ಟ ವಿದ್ಯೆಯನ್ನು ಲೋಕವು ತನಗೆ ಬೇಕಾದಂತೆ ತಿದ್ದಿಕೊಂಡಿತು. ಅದೇ 1810ರ ಆಗಸ್ಟಿನಲ್ಲಿ ಲಂಡನ್ನಿನ ಪೀಟರ್ ಡ್ಯುರಾಂಡ್ ಎಂಬ ವ್ಯಾಪಾರಿಯು, ಪರದೇಶದ ಸ್ನೇಹಿತನೊಬ್ಬನಿಂದ ತಿಳಿದ ಉಪಾಯವೆಂದು ಹೇಳಿ, ಇಂಥದೇ ವಿಧಾನಕ್ಕೆ ಏಕಸ್ವಾಮ್ಯವನ್ನು ಪಡೆದುಕೊಂಡನು. ಅದರಲ್ಲಿ ಗಾಜಿನ ಜೊತೆಗೆ ತವರದ ಲೇಪವಿರುವ ಕಬ್ಬಿಣದ ತಗಡಿನ ಪಾತ್ರೆಯನ್ನೂ ಹೆಸರಿಸಿತ್ತು. ಆ ಹಕ್ಕು ಬ್ರಯನ್ ಡಾಂಕಿನ್ ಎಂಬ ಯಂತ್ರಕುಶಲಿಯ ಮತ್ತು ಆತನ ಪಾಲುದಾರರ ಕೈಸೇರಿತು. 1813ರ ಹೊತ್ತಿಗೆ ಬ್ರಿಟಿಷ್ ನೌಕಾಪಡೆಗೆ ಡಬ್ಬಿಯ ಮಾಂಸ ಹೋಗತೊಡಗಿತು. ಗಾಜು ಒಡೆಯುತ್ತದೆ, ತಗಡು ಒಡೆಯುವುದಿಲ್ಲ. ಅಲೆಯ ಹೊಡೆತಕ್ಕೂ ಸಿಪಾಯಿಯ ಮೂಟೆಗೂ ತಗಡೇ ಸರಿ. ಆ ವಾದಕ್ಕೆ ಎದುರಿರಲಿಲ್ಲ. ಉಳಿ ಸುತ್ತಿಗೆಗಳಿಂದ ತೆರೆಯಬೇಕಾಗಿದ್ದ ಆ ಭಾರವಾದ ಡಬ್ಬಿಗಳ ಪಕ್ಕದ ಸೇರುವೆಗೂ ಮುಚ್ಚಳಕ್ಕೂ ಕೈಯಿಂದಲೇ ಬೆಸುಗೆ ಹಾಕುತ್ತಿದ್ದರು. ಬೆಸುಗೆಯೆಂದರೆ ಸೀಸ ಮತ್ತು ತವರ ಬೆರೆಸಿದ ಲೋಹ. ಪಾರಸಿಯಿಂದ ಬಂದ ಸೀಸೆಗೂ ಸಂಸ್ಕೃತದಿಂದ ಬಂದ ಸೀಸಕ್ಕೂ ನಮ್ಮ ಭಾಷೆಯಲ್ಲಿ ಒಂದು ಸ್ವರದ ಅಂತರ. ಅಪೇರನ ಆಹಾರವು ಆ ಅಂತರವನ್ನು ಮೂರು ವರ್ಷಗಳಲ್ಲಿ ದಾಟಿತು.

ಇನ್ನು ಆತನ ಸ್ವಂತ ಬಾಳು ಇಳಿಜಾರು ಹಿಡಿದುದನ್ನು ಹೇಳಬೇಕು. 1814ರಲ್ಲಿಯೂ 1815ರಲ್ಲಿಯೂ ನೆಪೋಲಿಯನ್ನನ ವಿರುದ್ಧ ಬಂದ ಶತ್ರುಸೈನ್ಯಗಳು ಮಾಸಿಯನ್ನು ಹೊಕ್ಕವು. ತೋಟ ಹಾಳಾಯಿತು, ಕಾರ್ಖಾನೆ ಪಾಳುಬಿದ್ದಿತು. ನಡುವೆ ಲಂಡನ್ನಿಗೆ ಹೋದ ಅಪೇರನು, ತನ್ನ ವಿದ್ಯೆಯಿಂದ ಇತರರು ನಡೆಸುತ್ತಿದ್ದ ಉದ್ಯಮವನ್ನು ಕಣ್ಣಾರೆ ಕಂಡು ಬರಿಗೈಯಲ್ಲಿ ಮರಳಿದನು. 65 ದಾಟಿದ ಮೇಲೆ ಮತ್ತೆ ಮೊದಲಿನಿಂದ ಆರಂಭ. ಸರ್ಕಾರವು ಪ್ಯಾರಿಸಿನಲ್ಲಿ ಬಾಡಿಗೆಯಿಲ್ಲದೆ ಕೊಟ್ಟ ಜಾಗದಲ್ಲಿ ಆತನೂ ಈಗ ತಗಡಿನ ಡಬ್ಬಿಗಳನ್ನೇ ಮಾಡತೊಡಗಿದನು. ಗಾಜಿನಿಂದಾಗದಷ್ಟು ದೊಡ್ಡ ಡಬ್ಬಿಗಳಲ್ಲಿ ಮಾಂಸ ತುಂಬುವುದನ್ನು ಸಾಧಿಸಿದನು. 1822ರಲ್ಲಿ ಫ್ರಾನ್ಸಿನ ಉದ್ಯಮ ಪ್ರೋತ್ಸಾಹಕ ಸಂಘವು ಆತನಿಗೆ ಮಾನವಕುಲದ ಉಪಕಾರಿಯೆಂಬ ಬಿರುದನ್ನಿತ್ತಿತು. ಆತನ ಕೆಲಸದ ಕಾರಣವನ್ನು ಮುಂದೆ ಲೋಕಕ್ಕೆ ವಿವರಿಸಬೇಕಾಗಿದ್ದ ಪಾಶ್ಚರನು ಹುಟ್ಟಿದುದೂ ಅದೇ ವರ್ಷ.

ಬಿರುದು ಹೊಟ್ಟೆ ತುಂಬಿಸಲಿಲ್ಲ. ಕೆಲವು ಕಾಲದ ಮೇಲೆ ಸರ್ಕಾರದ ಜಾಗವನ್ನೂ ಬಿಡಬೇಕಾಯಿತು. ಬಂದ ಹಣವನ್ನೆಲ್ಲ ಪ್ರಯೋಗಗಳಿಗೆ ಸುರಿಯುವ ಅಭ್ಯಾಸವನ್ನು ಆತನು ಕೊನೆಯವರೆಗೂ ಬಿಡಲಿಲ್ಲ. 80 ದಾಟಿದವನು 1831ರಲ್ಲಿ ತನ್ನ ಪುಸ್ತಕವನ್ನು ಮತ್ತೊಮ್ಮೆ ತಿದ್ದಿ ಬೆಳೆಸಿ ಅಚ್ಚುಮಾಡಿಸಿದನು. ಹೆಂಡತಿಯೊಡನೆ ಸಂಸಾರ ಎಂದೋ ಬೇರೆಯಾಗಿತ್ತು. 1836ರಲ್ಲಿ ಉದ್ಯಮವನ್ನು ಇನ್ನೊಬ್ಬರಿಗೆ ಒಪ್ಪಿಸಿ, ಸಣ್ಣದೊಂದು ವಿಶ್ರಾಂತಿವೇತನದ ಮೇಲೆ ಮಾಸಿಗೆ ಮರಳಿದನು. 1841ರ ಜೂನ್ ತಿಂಗಳಲ್ಲಿ, 91ನೆಯ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡನು. ಪ್ರತ್ಯೇಕ ಸಮಾಧಿಗೆ ಹಣವಿರಲಿಲ್ಲ. ಬಡವರ ಸಾಮಾನ್ಯ ಗುಂಡಿಯಲ್ಲಿ ಆತನನ್ನು ಹೂಳಿದರು. 1955ರಲ್ಲಿ ಫ್ರಾನ್ಸ್ ದೇಶವು ಆತನ ಸ್ಮರಣೆಗಾಗಿ ಅಂಚೆಚೀಟಿಯನ್ನು ಹೊರಡಿಸಿತು. ಆತನ ವಿಧಾನವನ್ನು ಫ್ರೆಂಚರು ಇಂದಿಗೂ ಆತನ ಹೆಸರಿನಿಂದಲೇ ಕರೆಯುತ್ತಾರೆ.

ಸಾಮಾನ್ಯವಾಗಿ ಜೀವನಚರಿತ್ರೆಗಳು ಸಮಾಧಿಯ ಬಳಿ ನಿಲ್ಲುತ್ತವೆ. ಅಪೇರನ ಚರಿತ್ರೆಯನ್ನು ಅಲ್ಲಿ ನಿಲ್ಲಿಸಿದರೆ ನನ್ನ ತಾಯಿಯವರ ಪ್ರಶ್ನೆಗೆ ಉತ್ತರ ದೊರೆಯುವುದಿಲ್ಲ. ಆತನು ಸತ್ತ ನಾಲ್ಕು ವರ್ಷಗಳಿಗೆ, 1845ರಲ್ಲಿ, ಸರ್ ಜಾನ್ ಫ್ರಾಂಕ್ಲಿನ್ ಎಂಬ ಬ್ರಿಟಿಷ್ ನಾವಿಕನು ಉತ್ತರ ಧ್ರುವದ ಹಿಮಸಾಗರದಲ್ಲಿ ಹಾದಿ ಹುಡುಕಲು ಎರಡು ಹಡಗುಗಳೊಡನೆ ಹೊರಟನು. ಜೊತೆಯಲ್ಲಿ ಸುಮಾರು 8,000 ಡಬ್ಬಿ ಆಹಾರ. ಅವಸರದಲ್ಲಿ ಮಾಡಿದ, ಬೆಸುಗೆಯು ಒಳಮೈಗೆಲ್ಲ ಹರಿದ ಡಬ್ಬಿಗಳು. 129 ಜನರಲ್ಲಿ ಒಬ್ಬನೂ ಮರಳಲಿಲ್ಲ. ಮೊದಲ ಚಳಿಗಾಲದಲ್ಲಿಯೇ ಸತ್ತ ಮೂವರನ್ನು ಬೀಚಿ ದ್ವೀಪದ ಮಂಜುನೆಲದಲ್ಲಿ ಹೂಳಿದ್ದರು. 1984ರಲ್ಲಿಯೂ 1986ರಲ್ಲಿಯೂ ಕೆನಡದ ಓವನ್ ಬೀಟಿ ಎಂಬ ವಿದ್ವಾಂಸನು ಆ ಸಮಾಧಿಗಳನ್ನು ತೆರೆದಾಗ, ಹಿಮದಲ್ಲಿ ಕೆಡದೆ ಉಳಿದಿದ್ದ ದೇಹಗಳಲ್ಲಿ ಸೀಸವು ಬಹಳ ಹೆಚ್ಚಿನ ಪ್ರಮಾಣದಲ್ಲಿ ದೊರೆಯಿತು. ಆ ಸೀಸವೆಲ್ಲ ಡಬ್ಬಿಗಳಿಂದಲೇ ಬಂದಿತೋ, ಅಷ್ಟು ಜನರ ಸಾವಿಗೆ ಅದೇ ಕಾರಣವೋ ಎಂಬುದರಲ್ಲಿ ಮುಂದಿನ ಸಂಶೋಧಕರಿಗೆ ಒಮ್ಮತವಿಲ್ಲ. ಹಡಗಿನ ನೀರಿನ ಕೊಳವೆಗಳೂ ಕಾರಣವಿರಬಹುದು, ಆ ಕಾಲದ ಇಂಗ್ಲೆಂಡಿನ ಬದುಕೇ ಸೀಸಮಯವಾಗಿತ್ತು ಎನ್ನುವವರಿದ್ದಾರೆ. ಆದರೆ ಬೆಸುಗೆಯ ಸೀಸವು ಆಹಾರಕ್ಕೆ ಇಳಿಯುತ್ತದೆಂಬ ಮಾತಿನಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ.

ತಿಳಿದ ಮೇಲೂ ತಿದ್ದಿಕೊಳ್ಳಲು ಲೋಕವು ತೆಗೆದುಕೊಂಡ ಕಾಲವನ್ನು ನೋಡಿದರೆ ಮನಸ್ಸು ಖಿನ್ನವಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿ ಡಬ್ಬಿಯ ಬಟಾಣಿಯು ಕಣ್ಣಿಗೆ ಹಸುರಾಗಿ ಕಾಣಲೆಂದು ಮೈಲುತುತ್ತವನ್ನು ಸೇರಿಸುವ ಪದ್ಧತಿಯೂ ಹಬ್ಬಿತ್ತು. ರುಚಿಯು ರುಚಿಯಾಗಿಯೇ ಉಳಿಯಬೇಕೆಂದು ಬಾಳನ್ನೆಲ್ಲ ತೇಯ್ದವನ ಬಟಾಣಿಗೆ ಒದಗಿದ ಗತಿ ಇದು. ಸೀಸದ ಬೆಸುಗೆಯ ಡಬ್ಬಿಗಳನ್ನು ಅಮೆರಿಕದ ಕಾರ್ಖಾನೆಗಳು ಕೈಬಿಟ್ಟದ್ದು 1991ರಲ್ಲಿ. ಅಲ್ಲಿ ಕಾನೂನಿನ ನಿಷೇಧ ಬಂದದ್ದು 1995ರಲ್ಲಿ. ಡಬ್ಬಿ ಹುಟ್ಟಿ ಆಗ ನೂರೆಂಬತ್ತು ವರ್ಷಗಳು ಕಳೆದಿದ್ದುವು. ಇಂದಿನ ಡಬ್ಬಿಯ ಸೇರುವೆಯನ್ನು ವಿದ್ಯುತ್ತಿನಿಂದ ಬೆಸೆಯುತ್ತಾರೆ. ಅನೇಕ ಡಬ್ಬಿಗಳ ಒಳಮೈಗೆ ಅರಗಿನಂಥ ಲೇಪವೂ ಇರುತ್ತದೆ. ನಮ್ಮ ದೇಶದ ಆಹಾರ ನಿಯಮವು ಡಬ್ಬಿಯ ಪದಾರ್ಥದ ಒಂದು ಕಿಲೋಗ್ರಾಮಿನಲ್ಲಿ 250 ಮಿಲಿಗ್ರಾಮಿಗಿಂತ ಹೆಚ್ಚು ತವರವಿರಕೂಡದೆಂದು ವಿಧಿಸಿದೆ. ಡಬ್ಬಿಯ ಹಣ್ಣು ತರಕಾರಿಗಳಲ್ಲಿ ಸೀಸಕ್ಕೆ ಇದ್ದ ಅಂತರರಾಷ್ಟ್ರೀಯ ಮಿತಿಯನ್ನು ಕಿಲೋಗ್ರಾಮಿಗೆ 1 ಮಿಲಿಗ್ರಾಮಿನಿಂದ 0.1 ಮಿಲಿಗ್ರಾಮಿಗೆ ಇಳಿಸಿದ್ದಾರೆ. ಮಕ್ಕಳ ಮೆದುಳಿಗೆ ನಿರಪಾಯವೆನ್ನಬಹುದಾದ ಸೀಸದ ಪ್ರಮಾಣವೇ ಇಲ್ಲವೆಂದು ವೈದ್ಯಶಾಸ್ತ್ರವು ಕಂಡುಕೊಂಡದ್ದರ ಫಲ ಅದು.

ಕನ್ನಡನಾಡಿಗೂ ಅಪೇರನಿಗೂ ಸಂಬಂಧವಿಲ್ಲವೆಂದು ತಿಳಿಯಬಾರದು. ಮೈಸೂರಿನ ಚೆಲುವಾಂಬ ವಿಲಾಸದಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯವೂ, ಅದೇ ಊರಿನಲ್ಲಿ 1961ರಲ್ಲಿ ಸ್ಥಾಪಿತವಾದ ರಕ್ಷಣಾ ಆಹಾರ ಸಂಶೋಧನಾಲಯವೂ ಆತನ ಪರಂಪರೆಗೆ ಸೇರಿದುವು. ನೌಕೆಗೂ ದಂಡಿಗೂ ಕೆಡದ ಊಟ ಕಟ್ಟಿಕೊಡಬೇಕೆಂಬ ಆ ಹಳೆಯ ಸಮಸ್ಯೆಯನ್ನೇ, ಹಿಮಾಲಯದ ನೆತ್ತಿಯಲ್ಲಿ ಕಾವಲಿರುವ ನಮ್ಮ ಯೋಧರಿಗಾಗಿ ಮೈಸೂರಿನಲ್ಲಿ ಬಿಡಿಸುತ್ತಿದ್ದಾರೆ.

ಈ ಮಾತನ್ನೆಲ್ಲ ತಾಯಿಯವರಿಗೆ ವಿವರಿಸಿ, ಅಂದಿನ ನಗೆಗಾಗಿ ತಪ್ಪೊಪ್ಪಿಕೊಂಡೆನು. ಅವರು ಡಬ್ಬಿಯ ಸಹವಾಸವೇ ಬೇಡವೆಂದು, ಜಯನಗರದ ನಾಲ್ಕನೆಯ ಬ್ಲಾಕಿನ ಮಾರುಕಟ್ಟೆಯಿಂದ ಹಸಿಯ ಸೊಪ್ಪು ತರಲು ಚೀಲ ಕೈಗಿತ್ತರು. ಪಾಲಕ್, ಕೊತ್ತಂಬರಿ, ಬದನೆಕಾಯಿ. ಅವುಗಳ ಮೇಲೆ ತಗಡಿನ ಸೋಂಕಿರಲಿಲ್ಲ. ನನ್ನ ಮನಸ್ಸಿಗೆ ಮಾತ್ರ ಸಮಾಧಾನವಿರಲಿಲ್ಲ. ನಮ್ಮ ನೆರೆಯ ಜೆ.ಪಿ. ನಗರದ ದೊರೆಸಾನಿಪಾಳ್ಯದಲ್ಲಿ ಪರಿಸರ ನಿರ್ವಹಣೆ ಮತ್ತು ನೀತಿ ಸಂಶೋಧನಾ ಸಂಸ್ಥೆಯಿದೆ. ಅಲ್ಲಿಯ ಸಂಶೋಧಕರು ಬೆಂಗಳೂರಿನ ಬೇರೆ ಬೇರೆ ಬಗೆಯ ಅಂಗಡಿಗಳಿಂದ 10 ಜಾತಿಯ ತರಕಾರಿಗಳ 400 ಮಾದರಿಗಳನ್ನು ತಂದು ಪರೀಕ್ಷಿಸಿದ ಸಂಗತಿ 2023ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಸೀಸ, ಕ್ಯಾಡ್ಮಿಯಂ ಮೊದಲಾದ ಲೋಹಗಳು ಹಲವು ಮಾದರಿಗಳಲ್ಲಿ ಮಿತಿಮೀರಿದ್ದುವು. ನಗರದ ಕೊಳಚೆಯೂ ಕಾರ್ಖಾನೆಗಳ ತ್ಯಾಜ್ಯವೂ ಬೆರೆತ ನೀರನ್ನು ಹೊಲಗಳಿಗೆ ಹಾಯಿಸುವುದು ಅದಕ್ಕೆ ಹೇಳಿದ ಕಾರಣ. ಸೀಸವು ಮಕ್ಕಳ ಬುದ್ಧಿಯನ್ನು ಮಂಕುಮಾಡುತ್ತದೆ. ಕ್ಯಾಡ್ಮಿಯಂ ಮೂತ್ರಪಿಂಡವನ್ನೂ ಮೂಳೆಯನ್ನೂ ಸವೆಸುತ್ತದೆ. ಬೇರಿನಿಂದ ಹೀರಿಕೊಂಡ ಲೋಹವು ತೊಳೆದರೆ ಹೋಗುವುದಿಲ್ಲ, ಬೇಯಿಸಿದರೆ ಸಾಯುವುದಿಲ್ಲ. ಜೀವಾಣುವನ್ನು ಗೆದ್ದ ಅಪೇರನ ಹಂಡೆಯ ಕುದಿನೀರು ಇದರ ಮುಂದೆ ನಿರುಪಾಯ.

ಬಸವನಗುಡಿಯ ಬಸವಣ್ಣನ ಪಾದದಲ್ಲಿ ಹುಟ್ಟಿತೆಂದು ಹಿರಿಯರು ಹೇಳುವ ವೃಷಭಾವತಿಯು ಮೈಸೂರು ರಸ್ತೆಯ ಪಕ್ಕದಲ್ಲಿ ಕಪ್ಪಾಗಿ, ನೊರೆಯಾಗಿ ಹರಿದು, ಕೆಂಗೇರಿಯನ್ನು ದಾಟಿ, ಬೈರಮಂಗಲದ ಕೆರೆಯನ್ನು ತುಂಬಿ, ಅರ್ಕಾವತಿಯನ್ನು ಸೇರುತ್ತದೆ. ಅದರ ದಡಗಳಲ್ಲಿ ರೈತರು ಬೆಳೆ ತೆಗೆಯುತ್ತಾರೆ. ಅವರಿಗೆ ಇರುವ ನೀರು ಅದೇ. ಅದನ್ನು ಹಾಗೆ ಮಾಡಿ ಕಳುಹಿದವರು ಊರಿನವರಾದ ನಾವು. ಬೆಳೆದವರನ್ನು ದೂರುವ ಮೊದಲು ಈ ಮಾತನ್ನು ನೆನೆಯುವುದು ನ್ಯಾಯ.

ಕನ್ನಡದಲ್ಲಿ ಪಾತ್ರವೆಂಬ ಶಬ್ದಕ್ಕೆ ಅರ್ಥಗಳು ಹಲವು. ಅಡುಗೆಯ ಪಾತ್ರೆಯೂ ಅದರಿಂದಲೇ ಬಂದುದು. ನದಿ ಹರಿಯುವ ತಾಣವೂ ಪಾತ್ರವೇ. ದಾನ ಪಡೆಯಲು ಯೋಗ್ಯನಾದವನನ್ನೂ ಪಾತ್ರನೆನ್ನುತ್ತೇವೆ. ತರಗತಿಯಲ್ಲಿ ಎಷ್ಟೋ ಸಲ ಇದನ್ನು ಹೇಳಿಕೊಟ್ಟಿದ್ದೇನೆ. ಈ ಮೂರು ಅರ್ಥಗಳು ಒಂದೇ ಊಟದ ತಟ್ಟೆಯಲ್ಲಿ ಕೂಡುತ್ತವೆಂಬುದು ಈಚೆಗೆ ಹೊಳೆಯಿತು. ಅಪೇರನು ಆಹಾರವನ್ನು ಕೊಳೆಯದಂತೆ ಕಾಯ್ದನು. ಕೊಳೆತದ್ದಕ್ಕೆ ವಾಸನೆಯಿದೆ, ಬಣ್ಣವಿದೆ. ಮೂಗು ಕಣ್ಣುಗಳು ಎಚ್ಚರಿಸುತ್ತವೆ. ಪಾತ್ರೆಯಿಂದ ಬರುವ ಕೇಡಿಗೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಅದನ್ನು ಹಿಡಿಯಬಲ್ಲುದು ಕೇಳುವ ಮನಸ್ಸೊಂದೇ. ಹುಳಿಯನ್ನು ಯಾವುದರಲ್ಲಿ ಇಟ್ಟಿದ್ದೀರಿ ಎಂದು ಹಿಂದಿನ ತಾಯಂದಿರು ಕೇಳುತ್ತಿದ್ದರು. ಸೊಪ್ಪನ್ನು ಯಾವ ನೀರಿನಲ್ಲಿ ಬೆಳೆದಿದ್ದಾರೆ, ಆ ನೀರಿಗೆ ಏನನ್ನು ಬಿಟ್ಟಿದ್ದಾರೆ ಎಂದು ಇಂದಿನವರು ಕೇಳಬೇಕಾಗಿದೆ. ಪ್ರಶ್ನೆ ಅದೇ, ಪಾತ್ರೆ ದೊಡ್ಡದಾಗಿದೆ.

ನಮ್ಮ ಮನೆಯಲ್ಲಿ ಈಗ ಡಬ್ಬಿ ತೆರೆದರೆ ಉಳಿದುದನ್ನು ಒಡನೆಯೇ ಗಾಜಿನ ಪಾತ್ರೆಗೆ ಬಗ್ಗಿಸುತ್ತೇವೆ. ಉಬ್ಬಿದ, ನುಗ್ಗಾದ, ತುಕ್ಕು ಹಿಡಿದ ಡಬ್ಬಿಯನ್ನು ಅಂಗಡಿಯಲ್ಲಿಯೇ ಬಿಡುತ್ತೇವೆ. ಅಷ್ಟು ನಮ್ಮ ಕೈಯಲ್ಲಿದೆ. ಅಟ್ಟದ ಮೇಲಿದ್ದ ಅಜ್ಜಿಯ ಪಿಂಗಾಣಿ ಜಾಡಿಯನ್ನು ಇಳಿಸಿ, ತೊಳೆದು ಬಿಸಿಲಿಗಿಟ್ಟಿದ್ದೇನೆ. ಈ ವರ್ಷದ ಮಾವಿನಮಿಡಿಗೆ ಅದೇ ಸಾಕೆಂದು ತಾಯಿಯವರು ಅಪ್ಪಣೆ ಕೊಟ್ಟಿದ್ದಾರೆ.